ಫ್ರಟರ್ನಿಟಿ ಸೇರುವುದಾದರೆ, ಸಹಿ ಹಾಕುವ ಮೊದಲು

ಅಮೆರಿಕದ ಕಾಲೇಜುಗಳಲ್ಲಿ ತರಗತಿ ಶುರುವಾಗಿ ಒಂದೆರಡು ವಾರ ಕಳೆಯುವಷ್ಟರಲ್ಲಿ ಕ್ಯಾಂಪಸ್ ತುಂಬ ‘ರಷ್’ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳೇ ಫ್ರಟರ್ನಿಟಿಗಳು, ಅವು ಹೊಸ ಸದಸ್ಯರನ್ನು ಆರಿಸಿಕೊಳ್ಳುವ ಕಾಲವೇ ರಷ್. ಗ್ರೀಕ್ ಅಕ್ಷರದ ಟೀ ಶರ್ಟ್ ತೊಟ್ಟ ಸೀನಿಯರುಗಳು ಹೊಸಬರನ್ನು ತಾವಾಗಿಯೇ ಮಾತಾಡಿಸುತ್ತಾರೆ, ಊಟಕ್ಕೆ ಕರೆಯುತ್ತಾರೆ. ಈಗಷ್ಟೇ ಮನೆ ಬಿಟ್ಟು ಬಂದ ಹದಿನೆಂಟರ ಹುಡುಗನಿಗೆ ಆ ಕರೆ ತುಂಬ ಹಿತವಾಗಿರುತ್ತದೆ. ಹೋಗಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಚಾಪ್ಟರ್ (ಒಂದು ಕಾಲೇಜಿನಲ್ಲಿರುವ ಸಂಘದ ಶಾಖೆ) ಸಿಕ್ಕರೆ ನಾಲ್ಕು ವರ್ಷ ಜೊತೆಗಿರುವ ಗೆಳೆಯರು ಸಿಗುತ್ತಾರೆ, ಕೆಲಸ ಹುಡುಕುವಾಗ ಹಳೆಯ ಸದಸ್ಯರ ನೆರವೂ ಸಿಗುತ್ತದೆ. ಆದರೆ ದುಡ್ಡು, ಸಮಯ, ಸುರಕ್ಷತೆ ಈ ಮೂರರ ಬಗ್ಗೆ ಕೇಳಬೇಕಾದ್ದನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಆಮೇಲೆ ಕೇಳುವುದು ಬಹಳ ಕಷ್ಟ.

ಹೆಸರಿನಲ್ಲಿ ಗ್ರೀಕ್ ಅಕ್ಷರ ಇದ್ದ ಮಾತ್ರಕ್ಕೆ ಎಲ್ಲ ಸಂಘಗಳೂ ಒಂದೇ ಬಗೆಯವಲ್ಲ. 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಈಗ ಓದಿನಲ್ಲಿ ಮುಂದಿರುವವರನ್ನು ತಾನೇ ಆರಿಸಿಕೊಳ್ಳುವ ಗೌರವ ಸಂಘ, ಅಲ್ಲಿ ರಷ್ ಎಂಬುದೇ ಇಲ್ಲ. ಬಿಸಿನೆಸ್ ಓದುವವರಿಗೆ ಆಲ್ಫಾ ಕಪ್ಪಾ ಸೈ, ಎಂಜಿನಿಯರಿಂಗ್‌ನವರಿಗೆ ಥೀಟಾ ಟೌ ಇವೆ. ಇವು ವೃತ್ತಿಗೆ ಸಂಬಂಧಪಟ್ಟವು, ಹುಡುಗರೂ ಹುಡುಗಿಯರೂ ಸೇರಬಹುದು. ಸಮಾಜಸೇವೆಗೆಂದೇ ಇರುವುದು ಆಲ್ಫಾ ಫೈ ಒಮೆಗಾ. ಫ್ರಟರ್ನಿಟಿ ಎಂದಾಗ ಜನರ ಕಣ್ಣಮುಂದೆ ಬರುವ ದೊಡ್ಡ ಮನೆ, ಪಾರ್ಟಿ, ರಹಸ್ಯ ವಿಧಿಗಳೆಲ್ಲ ಸೋಷಿಯಲ್ ಫ್ರಟರ್ನಿಟಿಗಳದ್ದು. ಅವು ಬಹುಪಾಲು ಪದವಿ ಓದುವ ಹುಡುಗರಿಗೆ ಮಾತ್ರ. ಎಂಎಸ್‌ಗೆಂದು ಬಂದವರು ಅದರ ಚಿಂತೆ ಬಿಟ್ಟು ವೃತ್ತಿಗೆ ಸಂಬಂಧಪಟ್ಟ ಸಂಘಗಳನ್ನು ವಿಚಾರಿಸುವುದು ಮೇಲು.

1906ರಲ್ಲಿ ಕಾರ್ನೆಲ್‌ನಲ್ಲಿ ಶುರುವಾದ ಆಲ್ಫಾ ಫೈ ಆಲ್ಫಾ ಮೊದಲಾದ ಕಪ್ಪುಜನರ ಒಂಬತ್ತು ಸಂಘಗಳ ದಾರಿಯೇ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲ ಸೆಮಿಸ್ಟರಿನವರಿಗೆ ಪ್ರವೇಶವಿಲ್ಲ. ಅಂಕ, ಸೇವೆಯ ದಾಖಲೆ, ಶಿಫಾರಸು ಪತ್ರ ಕೇಳುತ್ತಾರೆ, ಸೇರುವ ಆಸೆಯನ್ನು ಊರೆಲ್ಲ ಹೇಳಿಕೊಂಡು ತಿರುಗಬಾರದು. ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳು ಕಟ್ಟಿದ ಸಂಘಗಳೂ ಇವೆ. ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಬೀಟಾ ಕೈ ಥೀಟಾ 1999ರಲ್ಲಿ ಯುಸಿಎಲ್‌ಎಯಲ್ಲಿ ಹುಟ್ಟಿದವು. ‘ನಮ್ಮವರೇ ಇದ್ದಾರಲ್ಲ’ ಎಂದು ಇಲ್ಲಿ ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಸಂಘ ಚಿಕ್ಕದಾದ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು.

ಇನ್ನು ಕ್ರಮ. ಮೊದಲು, ಈ ಸಂಘಗಳನ್ನು ನೋಡಿಕೊಳ್ಳುವ ಕಾಲೇಜಿನ ಗ್ರೀಕ್ ಲೈಫ್ ಕಚೇರಿಯ ಜಾಲಪುಟದಲ್ಲಿ ರಷ್‌ಗೆ ಹೆಸರು ನೋಂದಾಯಿಸಬೇಕು. ಎಲ್ಲ ಕಡೆ ಮೊದಲ ಸೆಮಿಸ್ಟರಿನಲ್ಲೇ ಬಿಡುವುದಿಲ್ಲ. ಡಾರ್ಟ್‌ಮತ್‌ನಲ್ಲಿ ಎರಡನೇ ವರ್ಷದವರೆಗೆ ಕಾಯಬೇಕು. ಹಲವು ಕಾಲೇಜುಗಳು ಒಂದಷ್ಟು ಕ್ರೆಡಿಟ್, ಕನಿಷ್ಠ ಜಿಪಿಎ (ಸರಾಸರಿ ಅಂಕ) ಕೇಳುತ್ತವೆ. ರಷ್‌ನ ಮೊದಲ ದಿನಗಳಲ್ಲಿ ಎಲ್ಲ ಮನೆಗಳಿಗೂ ಹೋಗಿ ಬರಬಹುದು, ಆಮೇಲೆ ಕರೆದವರಿಗೆ ಮಾತ್ರ. ಕೊನೆಗೆ ಸದಸ್ಯರು ಮತ ಹಾಕಿ ‘ಬಿಡ್’, ಅಂದರೆ ಸೇರುವ ಆಹ್ವಾನ, ಕೊಡುತ್ತಾರೆ. ಒಪ್ಪಿದರೆ ನೀವು ‘ನ್ಯೂ ಮೆಂಬರ್’, ಹಳೆಯ ಮಾತಿನಲ್ಲಿ ‘ಪ್ಲೆಜ್’. ಕೆಲವು ವಾರಗಳ ತಯಾರಿಯ ನಂತರ ಇನಿಷಿಯೇಷನ್ ಎಂಬ ದೀಕ್ಷಾ ವಿಧಿ ಆದರೆ ಪೂರ್ಣ ಸದಸ್ಯ. ಸಿಗ್ಮಾ ಆಲ್ಫಾ ಎಪ್ಸಿಲಾನ್‌ನಂಥ ಕೆಲವು ಸಂಘಗಳು ಈ ನಡುವಿನ ಅವಧಿಯನ್ನೇ ಕಿತ್ತುಹಾಕಿವೆ. ಅದು 2014ರಲ್ಲಿ ಹಾಗೆ ತೀರ್ಮಾನಿಸಿತು.

ರಷ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಹಾಗಾಗಿ ರಷ್ ನಡೆಸುವ ಸದಸ್ಯನಾದ ರಷ್ ಚೇರ್ ಒಬ್ಬನ ಮಾತನ್ನೇ ನಂಬಿಕೊಳ್ಳದೆ, ಕಳೆದ ವರ್ಷವಷ್ಟೇ ಸೇರಿದವನನ್ನು ಬದಿಗೆ ಕರೆದು ಕೇಳಿ. ಹೊಸಬರ ಅವಧಿ ಎಷ್ಟು ವಾರ? ವಾರಕ್ಕೆ ಎಷ್ಟು ಗಂಟೆ? ನಿನ್ನ ಜೊತೆ ಬಿಡ್ ಸಿಕ್ಕವರಲ್ಲಿ ಎಷ್ಟು ಜನ ಬಿಟ್ಟು ಹೋದರು, ಯಾಕೆ? ಕೊನೆಯ ಪ್ರಶ್ನೆಗೆ ಅವನು ತಡವರಿಸಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ದುಡ್ಡಿನ ವಿಷಯದಲ್ಲಿ ‘ಡ್ಯೂಸ್ (ಸದಸ್ಯತ್ವದ ಚಂದಾ) ಎಷ್ಟು’ ಎಂದಷ್ಟೇ ಕೇಳಿದರೆ ಅರ್ಧ ಲೆಕ್ಕ ಸಿಗುತ್ತದೆ. ನ್ಯೂ ಮೆಂಬರ್ ಶುಲ್ಕ, ಇನಿಷಿಯೇಷನ್ ಶುಲ್ಕ, ಚಾಪ್ಟರ್ ಡ್ಯೂಸ್, ರಾಷ್ಟ್ರೀಯ ಸಂಘಕ್ಕೆ ಹೋಗುವ ಪಾಲು, ವಿಮೆ, ಬ್ಯಾಡ್ಜ್ ಎಲ್ಲ ಬೇರೆ ಬೇರೆ. ಅದರ ಮೇಲೆ ಟೀ ಶರ್ಟ್, ಫಾರ್ಮಲ್ ಪಾರ್ಟಿ, ಸಭೆಗೆ ಬಾರದಿದ್ದರೆ ದಂಡ. ಸೆಮಿಸ್ಟರಿಗೆ ಕೆಲವು ನೂರು ಡಾಲರುಗಳಿಂದ ಸಾವಿರ ದಾಟುವವರೆಗೂ ಹೋಗಬಹುದು, ಮೊದಲ ಸೆಮಿಸ್ಟರೇ ದುಬಾರಿ. ದೊಡ್ಡ ಪೆಟ್ಟು ಬೀಳುವುದು ಮನೆ ಬಾಡಿಗೆಯಲ್ಲಿ. ಸ್ವಂತ ಮನೆಯಿರುವ ಹಲವು ಚಾಪ್ಟರುಗಳು ಎರಡನೇ ವರ್ಷ ಅಲ್ಲೇ ವಾಸಿಸಬೇಕೆಂದು ಕಟ್ಟುಪಾಡು ಹಾಕುತ್ತವೆ. ನೀವು ಆಗಲೇ ಬೇರೆ ಕಡೆ ಕರಾರಿಗೆ ಸಹಿ ಹಾಕಿದ್ದರೆ ಎರಡು ಬಾಡಿಗೆ ತೆರಬೇಕಾದೀತು. ಟ್ರೆಷರರ್ ಹತ್ತಿರ ಮೊದಲ ವರ್ಷದ ಪೂರ್ತಿ ಖರ್ಚನ್ನು ಬರಹದಲ್ಲಿ ಕೇಳಿ. ಕಂತಿನಲ್ಲಿ ಕಟ್ಟಬಹುದೇ, ಬಾಕಿ ಉಳಿದರೆ ವಸೂಲಿ ಏಜೆನ್ಸಿಗೆ ಕಳಿಸುತ್ತಾರೆಯೇ ಎಂಬುದನ್ನೂ ಕೇಳಿ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ತೊಡಕಿದೆ. ರಾತ್ರಿ ಸಭೆ, ವಾರಾಂತ್ಯದ ಕೆಲಸ ಎಂದು ಓದು ಹಿಂದೆ ಬಿದ್ದಾಗ ಇಲ್ಲಿನ ಹುಡುಗರು ಒಂದು ವಿಷಯ ‘ಡ್ರಾಪ್’ ಮಾಡಿ ಪಾರಾಗುತ್ತಾರೆ. ನೀವು ಪದವಿಯಲ್ಲಿ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಮೊದಲೇ ಇಲ್ಲದಿದ್ದರೆ, ವೀಸಾ ಸ್ಥಿತಿಗೇ ಕುತ್ತು. ಹೊಸಬರ ಅವಧಿ ಇರುವ ಸೆಮಿಸ್ಟರಿನಲ್ಲಿ ಕಠಿಣವಾದ ಲ್ಯಾಬ್ ವಿಷಯವನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಗಂಭೀರವಾದದ್ದು ಹೇಜಿಂಗ್. ರ‍್ಯಾಗಿಂಗ್ ಕಂಡವರಿಗೆ ಇದು ಅರ್ಥವಾಗುತ್ತದೆ. ಆದರೆ ಇಲ್ಲಿ ಅದನ್ನು ಒಳಗೆ ಬರಲು ತೆರಬೇಕಾದ ಬೆಲೆಯಂತೆ ತೋರಿಸುತ್ತಾರೆ, ಅದಕ್ಕೇ ಹುಡುಗರು ತಾವಾಗಿಯೇ ತಲೆಯೊಡ್ಡುತ್ತಾರೆ. ಶುರುವಾಗುವುದು ಸಣ್ಣದರಿಂದ: ಸೀನಿಯರನ್ನು ಕಾರಿನಲ್ಲಿ ಬಿಟ್ಟು ಬಾ, ಅಡುಗೆಮನೆ ತೊಳೆ, ಫೋನ್ ಇಲ್ಲಿಟ್ಟು ನೆಲಮಾಳಿಗೆಗೆ ಬಾ. ಫೋನ್ ಕಿತ್ತುಕೊಂಡ ಕ್ಷಣ, ನಿದ್ದೆ ಕೆಡಿಸಿದ ಕ್ಷಣ, ಒಂದು ಬಾಟಲಿಯನ್ನು ‘ಎಲ್ಲರೂ ಸೇರಿ ಮುಗಿಸಬೇಕು’ ಎಂದ ಕ್ಷಣ ಹೊರಡಬೇಕು. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಬಿಡ್ ಒಪ್ಪಿದವರ ಕೂಟದಲ್ಲಿ ಅಲ್ಪ ಹೊತ್ತಿನಲ್ಲಿ ವಿಪರೀತ ಕುಡಿಸಿದ್ದರಿಂದ ತಿಮೊಥಿ ಪಿಯಾಟ್ಸಾ ಎಂಬ ವಿದ್ಯಾರ್ಥಿ ಮೆಟ್ಟಿಲಿಂದ ಬಿದ್ದ. ಅಲ್ಲಿದ್ದವರು ಆಂಬುಲೆನ್ಸ್ ಕರೆಯಲು ಸುಮಾರು ಹನ್ನೆರಡು ಗಂಟೆ ತಡಮಾಡಿದರು. ಅವನು ಉಳಿಯಲಿಲ್ಲ. ಮರುವರ್ಷ ಪೆನ್ಸಿಲ್ವೇನಿಯಾ ಅವನ ಹೆಸರಿನಲ್ಲೇ ಕಾನೂನು ತಂದಿತು. ಅದರ ಪ್ರಕಾರ ‘ಅವನೇ ಒಪ್ಪಿಕೊಂಡಿದ್ದ’ ಎನ್ನುವುದು ನೆಪವಾಗುವುದಿಲ್ಲ.

ಚಾಪ್ಟರಿನ ಹಿನ್ನೆಲೆ ತಿಳಿಯುವುದು ಈಗ ಮೊದಲಿಗಿಂತ ಸುಲಭ. 2024ರ ಡಿಸೆಂಬರ್‌ನಲ್ಲಿ ಅಂಕಿತ ಬಿದ್ದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಪ್ರಕಾರ, ಹೇಜಿಂಗ್‌ನಲ್ಲಿ ತಪ್ಪಿತಸ್ಥವಾದ ಸಂಘಗಳ ಹೆಸರು, ನಡೆದದ್ದೇನು, ಶಿಕ್ಷೆ ಏನು ಎಂಬುದನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಅದನ್ನು ಓದಿ. ಜೊತೆಗೆ ಕಾಲೇಜು ಮಾನ್ಯ ಮಾಡಿದ ಚಾಪ್ಟರುಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ. ಮಾನ್ಯತೆ ಕಳೆದುಕೊಂಡ ಗುಂಪು ಅದೇ ಹುಡುಗರನ್ನು ಇಟ್ಟುಕೊಂಡು ಬೇರೆ ಹೆಸರಿನಲ್ಲಿ ಕ್ಯಾಂಪಸ್ಸಿನ ಹೊರಗೆ ನಡೆಯುವುದುಂಟು. ಅಲ್ಲಿ ವಿಮೆಯೂ ಇಲ್ಲ, ಕೇಳುವವರೂ ಇಲ್ಲ. ಅಂಥದ್ದರ ಹತ್ತಿರವೂ ಸುಳಿಯಬೇಡಿ.

ಕುಡಿತದ ಬಗ್ಗೆ, ಕುಡಿಯದವರೂ ತಿಳಿದಿರಬೇಕಾದ್ದು ಇಷ್ಟು. ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ತುಂಬಿರಬೇಕು. ‘ಮಲಗಿದರೆ ಇಳಿಯುತ್ತೆ’ ಎಂಬ ಮಾತು ಜೀವ ತೆಗೆಯುತ್ತದೆ. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಡ್ರಿಂಕ್‌ನಷ್ಟನ್ನು ಮಾತ್ರ ಅರಗಿಸುತ್ತದೆ, ಹೊಟ್ಟೆಯಲ್ಲಿ ಉಳಿದದ್ದು ಕುಡಿಯುವುದು ನಿಂತ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಲುಗಾಡಿಸಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಿದ್ದರೆ ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿನ ಅಂತರವಿದ್ದರೆ, ತುಟಿ ನೀಲಿಗಟ್ಟಿದ್ದರೆ, ಯಾರ ಅಪ್ಪಣೆಗೂ ಕಾಯದೆ ತುರ್ತು ಸಂಖ್ಯೆ 911ಕ್ಕೆ ಕರೆಮಾಡಿ. ವಾಂತಿ ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಆಂಬುಲೆನ್ಸ್ ಬರುವ ತನಕ ಒಬ್ಬನೇ ಬಿಟ್ಟು ಹೋಗಬೇಡಿ. ಹಲವು ರಾಜ್ಯಗಳಲ್ಲೂ ಕಾಲೇಜುಗಳಲ್ಲೂ ಹೀಗೆ ಸಹಾಯಕ್ಕೆ ಕರೆದವರಿಗೆ ರಕ್ಷಣೆ ಕೊಡುವ ನಿಯಮಗಳಿವೆ. ನಿಮ್ಮ ಕಾಲೇಜಿನ ನಿಯಮವನ್ನು ರಷ್‌ಗೆ ಮುಂಚೆಯೇ ಓದಿಕೊಳ್ಳಿ.

ಬಿಡ್ ಒಪ್ಪಿದ ಮೇಲೂ ಇನಿಷಿಯೇಷನ್ ಆಗುವ ತನಕ ಹೊರಬರುವುದು ಸುಲಭ. ಆದ ಮೇಲೆ ಬಿಟ್ಟರೆ ಸಾಮಾನ್ಯವಾಗಿ ಇನ್ನೊಂದು ಸೋಷಿಯಲ್ ಫ್ರಟರ್ನಿಟಿಗೆ ಸೇರಲಾಗುವುದಿಲ್ಲ. ಆದ್ದರಿಂದ ಅನುಮಾನವಿದ್ದರೆ ಆ ದಿನಕ್ಕೆ ಮೊದಲೇ ನಿರ್ಧರಿಸಿ. ಬಾಯಿಮಾತಿನಲ್ಲಿ ಹೇಳಿದರೆ ‘ಒಂದು ವಾರ ನೋಡು’ ಎಂದು ಎಳೆಯುತ್ತಾರೆ. ಚಾಪ್ಟರ್ ಅಧ್ಯಕ್ಷನಿಗೆ ಎರಡು ಸಾಲಿನ ಇಮೇಲ್ ಕಳಿಸಿ, ಗ್ರೀಕ್ ಲೈಫ್ ಕಚೇರಿಗೂ ಪ್ರತಿ ಹಾಕಿ: ಇಂದಿನಿಂದ ಸದಸ್ಯತ್ವ ಬಿಡುತ್ತಿದ್ದೇನೆ, ನನ್ನ ಹೆಸರಿನಲ್ಲಿ ಮುಂದೆ ಬಿಲ್ ಹಾಕಬೇಡಿ. ಕಾರಣ ಬರೆಯಲೇಬೇಕೆಂದಿಲ್ಲ. ಕಾರಣ ಹೇಜಿಂಗ್ ಆಗಿದ್ದರೆ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಡೀನ್ ಕಚೇರಿಗೆ ದೂರು ಕೊಡಿ. ಹೆಸರು ಹೇಳಲು ಭಯವಾದರೆ 1-888-668-4293ಕ್ಕೆ ಕರೆಮಾಡಬಹುದು, ಅದು ಹೇಜಿಂಗ್ ದೂರಿಗೆಂದೇ ಇರುವ ಸಹಾಯವಾಣಿ. ಸೇರುವಾಗ ಬಟ್ಟೆಗೆ ಚುಚ್ಚಿಕೊಳ್ಳಲು ಸಂಘ ಕೊಟ್ಟ ಪಿನ್ ವಾಪಸ್ ಕೊಟ್ಟು, ಕೊಟ್ಟದ್ದಕ್ಕೆ ಒಂದು ಇಮೇಲ್ ಉತ್ತರ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದರ ಬೆಲೆಯೂ ಬಾಕಿ ಲೆಕ್ಕಕ್ಕೆ ಸೇರೀತು.