ನಮ್ಮ ಬನಕ್ಕೆ ಟೈಲ್ಸ್ ಬೇಡ ಮಾವ

ನಾಗರಪಂಚಮಿಗೆ ಮೂಲಮನೆಗೆ ಹೋಗಿದ್ದೆ, ಶಿರ್ವದ ಹತ್ರ. ಮಂಗಳೂರಿಂದ ಬೆಳಿಗ್ಗೆ ಐದೂವರೆಗೆ ಬೈಕ್‌ನಲ್ಲಿ ಹೊರಟವ ಕಾಪು ಮುಟ್ಟುವಷ್ಟರಲ್ಲಿ ರೈನ್‌ಕೋಟಿನ ಒಳಗೂ ನೀರು. ಅತ್ತೆ ಆಗ್ಲೇ ಅರಿಶಿನ ಎಲೆಯ ಗಟ್ಟಿ ಬೇಯ್ಲಿಕ್ಕೆ ಇಟ್ಟಾಗಿತ್ತು, ಪರಿಮಳ ಅಂಗಳದವರೆಗೆ ಬರ್ತಿತ್ತು, ಆದ್ರೆ ನಾಗನಿಗೆ ತನು ಎರೆದು ಬರುವವರೆಗೆ ಯಾರಿಗೂ ಒಂದು ತುಂಡು ಇಲ್ಲ, ಮಕ್ಕಳಿಗೆ ಸಹ ಇಲ್ಲ. ಹಸಿದ ಹೊಟ್ಟೆಯಲ್ಲೇ ಹಾಲು, ಸೀಯಾಳ, ಹಿಂಗಾರ ಹಿಡ್ಕೊಂಡು ಗದ್ದೆ ಬದುವಲ್ಲಿ ಸಾಲಾಗಿ ನಡೆಯುದು.

ನಮ್ಮ ಬನ, ಅಂದ್ರೆ ನಾಗನಿಗೆ ಅಂತ ಬಿಟ್ಟ ಕಾಡಿನ ತುಂಡು, ದೊಡ್ಡದೇನಲ್ಲ, ಹೆಚ್ಚಂದ್ರೆ 15 ಸೆಂಟ್ಸ್. ದೂರದಿಂದ ನೋಡಿದ್ರೆ ಗದ್ದೆ ನಡುವೆ ಒಂದು ಕಪ್ಪು ಗುಡ್ಡ ಕೂತ ಹಾಗೆ ಕಾಣ್ತದೆ. ಒಳಗೆ ಹೋದ್ರೆ ಬೇರೆಯೇ ಹವೆ. ಹೊರಗೆ ಮಳೆ ನಿಂತ್ರೂ ಒಳಗೆ ಅರ್ಧ ಗಂಟೆ ಮಳೆ ಬೀಳ್ತಾನೇ ಇರ್ತದೆ, ಮೇಲಿನ ಎಲೆಯಿಂದ ಕೆಳಗಿನ ಎಲೆಗೆ, ಅಲ್ಲಿಂದ ನಮ್ಮ ಕುತ್ತಿಗೆಗೆ. ಕಾಲಡಿಯಲ್ಲಿ ಮಣ್ಣು ಅಂತ ಸಿಗುದೇ ಇಲ್ಲ, ಎಷ್ಟೋ ವರ್ಷದ ತರಗೆಲೆ, ಬರಿಗಾಲು ಇಟ್ರೆ ಮೆತ್ತಗೆ ಒಳಗೆ ಹೋಗ್ತದೆ. ಸೊಳ್ಳೆ ಅಂತೂ ಕೇಳ್ಬೇಡಿ, ಭಟ್ರು ಮಂತ್ರದ ಮಧ್ಯೆ ಎರಡು ಸಲ ಕಾಲಿಗೆ ಹೊಡ್ಕೊಂಡ್ರು. ನಾಗನ ಕಲ್ಲಿಗೆ ಹಾಲು ಎರೆದಾಗ ಅದು ಅರಿಶಿನದ ಜೊತೆ ಸೇರಿ ಹಳದಿಯಾಗಿ ಇಳಿದು ತರಗೆಲೆ ಒಳಗೆ ಹೋಗಿ ಕಾಣೆಯಾಗ್ತದೆ, ಚಿಕ್ಕವನಿದ್ದಾಗ ಅದನ್ನು ನಾಗನೇ ಕುಡಿಯುದು ಅಂತ ನಂಬಿದ್ದೆ.

ಬನದ ಕಾನೂನು ನಮ್ಮಲ್ಲಿ ಯಾರೂ ಬರೆದಿಟ್ಟದ್ದಲ್ಲ, ಬೈಸ್ಕೊಂಡೇ ಕಲ್ತದ್ದು. ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಒಳಗೆ ಹೋಗುದು, ಪಂಚಮಿಗೆ ಒಮ್ಮೆ, ಮತ್ತೆ ತಂಬಿಲ (ನಾಗನ ಪೂಜೆ) ಇದ್ರೆ. ಕತ್ತಿ ಹಿಡಿಯುದು ದೊಡ್ಡಮಾವ ಒಬ್ರೇ, ಅದೂ ದಾರಿಗೆ ಅಡ್ಡ ಬಂದ ಬಳ್ಳಿಗೆ ಮಾತ್ರ, ಕಡಿಯುವ ಮೊದಲು ಕೈ ಮುಗೀಬೇಕು, ಕಡಿದದ್ದನ್ನು ಅಲ್ಲೇ ಬಿಡ್ಬೇಕು. ಒಣಗಿ ಬಿದ್ದ ಕಟ್ಟಿಗೆ ಸಹ ಮನೆಗೆ ತರ್ಲಿಕ್ಕಿಲ್ಲ. ಬಚ್ಚಲಿನ ಒಲೆಗೆ ಹಾಕ್ಲಿಕ್ಕೆ ಕಟ್ಟಿಗೆ ಇಲ್ಲದೆ ಅಜ್ಜಿ ಹಸಿ ಮಡಲು ಉರಿಸಿ ಹೊಗೆಯಲ್ಲಿ ಕಣ್ಣೊರೆಸ್ಕೊಂಡದ್ದು ನನಗೆ ನೆನಪುಂಟು, ಬನ ನೂರು ಹೆಜ್ಜೆ ದೂರದಲ್ಲಿ ಇತ್ತು, ಮುಟ್ಲಿಲ್ಲ.

ಇದರ ಬೆಲೆ ಗೊತ್ತಾಗ್ಬೇಕಾದ್ರೆ ಪಕ್ಕದ ಗುಡ್ಡೆ ನೋಡ್ಬೇಕು. ಅದು ಕುಮ್ಕಿ, ಅಂದ್ರೆ ನಮ್ಮ ಜಾಗಕ್ಕೆ ತಾಗಿದ ಸರ್ಕಾರಿ ಜಾಗ, ಅಲ್ಲಿಂದ ಸೊಪ್ಪು, ತರಗೆಲೆ, ಕಟ್ಟಿಗೆ ಎಲ್ಲ ತರ್ಬಹುದಿತ್ತು, ತಂದ್ರು ಕೂಡ, ಹಟ್ಟಿಗೆ ಹಾಕ್ಲಿಕ್ಕೆ, ಗದ್ದೆಗೆ ಗೊಬ್ಬರಕ್ಕೆ, ಮೂರು ತಲೆಮಾರು ತಂದು ತಂದು ಗುಡ್ಡೆ ಬೋಳಾಯ್ತು, ಆಮೇಲೆ ಅದಕ್ಕೆ ಅಕೇಶಿಯಾ ಬಂತು. ಅದೇ ಮುರಕಲ್ಲಿನ ಮಣ್ಣು, ಅದೇ ಮಳೆ, ನಡುವೆ ಒಂದು ತೋಡು ಅಷ್ಟೆ. ಈಚೆ ಬನದಲ್ಲಿ ರೆಂಜೆ, ಹಾಳೆ ಮರ, ಬೈನೆ, ಸುರಹೊನ್ನೆ, ಎರಡು ಮರ ದಾಟಿ ಹಬ್ಬಿದ ತೊಡೆ ದಪ್ಪದ ಬಳ್ಳಿ. ಅಡಿಯಲ್ಲಿ ನಿಂತ್ರೆ ಮೈ ಊದ್ತದೆ ಅಂತ ನಾವೆಲ್ಲ ಹೆದರುವ ಚೇರೆ ಮರವೂ ಉಂಟು. ಕಾಸರ್ಕ ಸಹ ಉಂಟು, ಆಟಿ ಅಮಾವಾಸ್ಯೆ ದಿನ ಕತ್ತಲಲ್ಲಿ ಹಾಳೆ ಮರದ ತೊಗಟೆ ತರುವಾಗ ಕೆಲವರು ಕಾಸರ್ಕದ್ದು ತಂದು ಕಷಾಯ ಮಾಡಿ ಜೀವಕ್ಕೇ ತಂದ್ಕೊಳ್ತಾರಲ್ಲ, ಅದೇ. ನಾವು ತೊಗಟೆ ತರುದು ತೋಡಿನ ಬದಿಯ ಹಾಳೆ ಮರದಿಂದ. ಬನದ್ದು ಬೇಡ.

ಇಷ್ಟೆಲ್ಲ ಈಗ ಬರೀಲಿಕ್ಕೆ ಕಾರಣ ಊಟ ಆದ ಮೇಲೆ ಚಾವಡಿಯಲ್ಲಿ ನಡೆದ ಮೀಟಿಂಗ್. ಕುಟುಂಬದಲ್ಲಿ ಒಂದಿಬ್ಬರ ಮದುವೆ ಆಗ್ತಾ ಇಲ್ಲ, ಒಬ್ರಿಗೆ ಚರ್ಮದ ತೊಂದ್ರೆ, ಜ್ಯೋತಿಷಿಯ ಹತ್ರ ಪ್ರಶ್ನೆ ಇಡಿಸಿದ್ರು, ನಾಗ ಅಸಂತುಷ್ಟ, ಬನ ಜೀರ್ಣ ಆಗಿದೆ ಅಂತ ಬಂತು. ಅಲ್ಲಿಗೆ ಮುಂಬೈಯಲ್ಲಿರುವ ಮಾವ ಫೋನ್ ತೆಗೆದು ಒಂದು ಡಿಸೈನ್ ತೋರಿಸಿದ್ರು. ಗ್ರಾನೈಟ್ ಕಟ್ಟೆ, ಸುತ್ತ ಟೈಲ್ಸ್, ಸ್ಟೀಲ್ ಬೇಲಿ, ಮೇಲೆ ಶೀಟ್, ದಾರಿಗೆ ಇಂಟರ್‌ಲಾಕ್. ಮರಗಳು? "ಕಟ್ಟೆಯ ಬುಡಕ್ಕೆ ಬೇರು ಬಂದ್ರೆ ಒಡೀತದೆ ಮಾರಾಯ, ಒಂದೆರಡು ಇಟ್ಟು ಉಳಿದದ್ದು ತೆಗಿಯುದು" ಅಂದ್ರು. ಮಾವನ ಮನಸ್ಸು ಕೆಟ್ಟದ್ದಲ್ಲ. ಅವರು ಹದಿನೆಂಟು ವರ್ಷಕ್ಕೆ ಊರು ಬಿಟ್ಟು ಹೋಟೆಲಲ್ಲಿ ದುಡಿದು ಮೇಲೆ ಬಂದವರು, ನಾಗನಿಗೆ ಏನಾದ್ರೂ ಮಾಡ್ಬೇಕು ಅಂತ ಅವರಿಗೆ ನಿಜವಾಗ್ಲೂ ಉಂಟು, ಮತ್ತೆ ದುಡ್ಡಿರುವವನಿಗೆ "ಮಾಡುದು" ಅಂದ್ರೆ ಕಟ್ಟುದು ಅಂತಲೇ ಅರ್ಥ. ಬನ ಇಷ್ಟು ವರ್ಷ ಉಳಿದದ್ದು ಯಾರೂ ಎಂತದೂ ಮಾಡದೆ ಬಿಟ್ಟದ್ದರಿಂದ, ಅದನ್ನು ಅವರಿಗೆ ಹೇಗೆ ಹೇಳುದು?

ಎರಡು ಕಿಲೋಮೀಟರ್ ದೂರದಲ್ಲಿ ಬೇರೆ ಒಂದು ಕುಟುಂಬದ ಬನ ಹೀಗೆಯೇ ರೆಡಿ ಮಾಡಿದ್ದಾರೆ, ಮೂರು ವರ್ಷ ಆಯ್ತು. ಏಪ್ರಿಲ್ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಚಪ್ಪಲಿ ಕಳಚಿ ಇಂಟರ್‌ಲಾಕ್ ಮೇಲೆ ಕಾಲಿಟ್ಟವ ಕುಣೀಲಿಕ್ಕೆ ಶುರು, ಅಷ್ಟು ಬಿಸಿ. ಎರೆದ ಹಾಲು ಹೋಗ್ಲಿಕ್ಕೆ ಪಿವಿಸಿ ಪೈಪ್ ಇಟ್ಟಿದ್ದಾರೆ. ಪಕ್ಕದ ಬಾವಿ ಈಗ ಮಾರ್ಚ್‌ನಲ್ಲೇ ತಳ ಕಾಣ್ತದೆ ಅಂತ ಅಲ್ಲಿಯ ಅಕ್ಕ ಒಬ್ರು ಹೇಳಿದ್ರು. ಬನ ಹೋದದ್ದಕ್ಕೇ ಹಾಗಾಯ್ತು ಅಂತ ನಾನು ಪ್ರಮಾಣ ಮಾಡುದಿಲ್ಲ, ಅದೇ ಹೊತ್ತಿಗೆ ಆಚೆ ತೋಟದಲ್ಲಿ ಎರಡು ಬೋರ್‌ವೆಲ್ ಸಹ ಬಿದ್ದಿದೆ. ಆದ್ರೆ ಬಿದ್ದ ಮಳೆ ತರಗೆಲೆಯಲ್ಲಿ ಇಂಗುದಕ್ಕೂ ಟೈಲ್ಸ್ ಮೇಲೆ ಜಾರಿ ತೋಡಿಗೆ ಓಡುದಕ್ಕೂ ವ್ಯತ್ಯಾಸ ಉಂಟಲ್ವಾ.

ಮಾವನಿಗೆ ಪಡುಬಿದ್ರೆ ಬ್ರಹ್ಮಸ್ಥಾನದ ಉದಾಹರಣೆ ಕೊಟ್ಟೆ. ಎರಡು ವರ್ಷಕ್ಕೊಮ್ಮೆ ಢಕ್ಕೆಬಲಿ ಅನ್ನುವ ದೊಡ್ಡ ಸೇವೆ ಆಗುವ ಜಾಗ, ಎಷ್ಟು ಜನ ಸೇರ್ತಾರೆ, ಆದ್ರೆ ಅಲ್ಲಿ ಗುಡಿ ಇಲ್ಲ, ಮರಗಳ ಅಡಿಯಲ್ಲಿ ಮರಳು, ಅಷ್ಟೆ. ಅಲ್ಲಿಯ ಶಕ್ತಿ ಕಡಿಮೆ ಅಂತ ಯಾರಾದ್ರೂ ಹೇಳಿದ್ದುಂಟಾ ಅಂತ ಕೇಳಿದೆ. ಮಾವ ಸ್ವಲ್ಪ ಸುಮ್ಮನಾದ್ರು. ದೊಡ್ಡಮಾವ ಮೀಸೆಯಲ್ಲಿ ನಗಾಡಿದ್ರು.

ಕೊಡಗಿನ ಕತೆ ಸಹ ಹೇಳಿದೆ, ಅಲ್ಲಿ ದೇವರಕಾಡು 1,214 ಅಂತ ಲೆಕ್ಕ ಉಂಟು, ಎಲ್ಲ ಸೇರಿ ಸುಮಾರು 2,500 ಹೆಕ್ಟೇರ್. ಅಯ್ಯಪ್ಪನ ದೇವರಕಾಡಿಗೆ ಮಣ್ಣಿನ ನಾಯಿ ಮಾಡಿ ಹರಕೆ ಇಡ್ತಾರೆ, ಅದು ಅಲ್ಲೇ ಮಳೆಗೆ ಕರಗಿ ಮಣ್ಣಾಗ್ತದೆ. ಅಲ್ಲಿಯೂ ಸುತ್ತ ಕಾಫಿ ತೋಟ ಒತ್ತಿ ಒತ್ತಿ ಬಂದು ಕಾಡು ಕರಗಿದೆ ಅನ್ನುದು ಬೇರೆ ಮಾತು. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿ (ಜೌಗು ಕಾಡು) ಉಂಟಲ್ಲ, ನೀರಲ್ಲಿ ನಿಂತ ಮರಗಳ ಬೇರು ಮೊಣಕಾಲಿನ ಹಾಗೆ ಮೇಲೆ ಬರ್ತದೆ, ಅಲ್ಲಿ ಸಿಕ್ಕಿದ ಒಂದು ಗೇರಿನ ಜಾತಿಯ ಮರಕ್ಕೆ ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲೇ ವರ್ತಕ್ ಅನ್ನುವವರ ಜೊತೆ ಪಶ್ಚಿಮಘಟ್ಟದ ಇಂಥ ಬನಗಳನ್ನು ಸುತ್ತಿ ಬರೆದಿದ್ರು. ಸುಪ್ರೀಂ ಕೋರ್ಟ್ ಸಹ 2024ರ ಡಿಸೆಂಬರಲ್ಲಿ ರಾಜಸ್ಥಾನದ ಓರಣ್‌ಗಳ (ಅಲ್ಲಿಯ ದೇವರಕಾಡುಗಳ) ಕೇಸಲ್ಲಿ ಅವುಗಳನ್ನು ಸರ್ವೆ ಮಾಡಿ ಕಾಡು ಅಂತ ಗುರುತಿಸಿ ಅಂತ ಹೇಳಿತು. ಒಳ್ಳೆದೇ. ಆದ್ರೆ ಓರಣ್ ಅಂದ್ರೆ ದೊಡ್ಡ ದೊಡ್ಡ ಜಾಗ, ನಮ್ಮ ಪಟ್ಟಾ ಜಾಗದ 15 ಸೆಂಟ್ಸ್ ಹುಡ್ಕಿಕೊಂಡು ಯಾವ ಸರ್ವೆಯವರೂ ಬರ್ಲಿಕ್ಕಿಲ್ಲ, ಬಂದ್ರೆ ನಮ್ಮವರೇ ಹೆದರಿ ಮೊದಲು ಮರ ಕಡ್ದು ಬಿಟ್ಟಾರು. ಇದು ಚಾವಡಿಯಲ್ಲೇ ತೀರ್ಮಾನ ಆಗ್ಬೇಕಾದ ವಿಷಯ.

ಹಾಗಂತ ಹಿರಿಯರೆಲ್ಲ ಪರಿಸರವಾದಿಗಳಾಗಿದ್ರು ಅಂತ ಹೇಳುವವ ನಾನಲ್ಲ. ಅವರಿಗೆ ಇದ್ದದ್ದು ಹೆದರಿಕೆ. ನಾಗ ಕಣ್ಣು ತೆಗೀತಾನೆ, ಸಂತಾನ ಆಗುದಿಲ್ಲ, ಅದೇ. ಎಷ್ಟೋ ಬನಗಳ ಹತ್ರ ಎಷ್ಟೋ ಜನರನ್ನು ಸುಳೀಲಿಕ್ಕೆ ಬಿಡ್ಲಿಲ್ಲ, ಅದನ್ನೂ ಮರೆಯುವ ಹಾಗಿಲ್ಲ. ಆದ್ರೆ ಆಗ ಆ ಹೆದರಿಕೆ ಕತ್ತಿಯನ್ನು ಹೊರಗೆ ಇಡಿಸ್ತಿತ್ತು, ಈಗ ಅದೇ ಹೆದರಿಕೆ ಜೆಸಿಬಿ ಒಳಗೆ ತರಿಸ್ತಾ ಉಂಟು, ನನಗೆ ತಲೆಬಿಸಿ ಆಗುದು ಅದು.

ಕೊನೆಗೆ ಭಟ್ರನ್ನೇ ಕೇಳಿದ್ದಾಯ್ತು. ಜೀರ್ಣೋದ್ಧಾರ ಅಂದ್ರೆ ಕಾಂಕ್ರೀಟ್ ಅಂತ ಎಲ್ಲಿಯೂ ಇಲ್ಲ, ವಾಲಿದ ಕಲ್ಲು ಸರಿ ಮಾಡಿ ಶುದ್ಧ ಮಾಡಿ ಆಶ್ಲೇಷಾ ಬಲಿ ಮಾಡಿಸಿ ಸಾಕು ಅಂದ್ರು. ಮುರಕಲ್ಲಿನ ಒಂದು ಅಡಿ ಕಟ್ಟೆ, ಸಿಮೆಂಟ್ ಇಲ್ಲದೆ, ಮರ ಮುಟ್ಲಿಕ್ಕಿಲ್ಲ, ಅಲ್ಲಿವರೆಗೆ ಮಾವ ಇಳಿದಿದ್ದಾರೆ. ಇಂಟರ್‌ಲಾಕ್ ಆಸೆ ಇನ್ನೂ ಬಿಟ್ಟಿಲ್ಲ. ಮುಂದಿನ ಮೀಟಿಂಗ್ ದೀಪಾವಳಿಗೆ.

ಅಷ್ಟರೊಳಗೆ ಬನದ ಮರಗಳ ಪಟ್ಟಿ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವ ಅಂತ ಕೂತಿದ್ದೇನೆ, ಹೆಸರು ಗೊತ್ತಿದ್ರೆ ಕಡೀಲಿಕ್ಕೆ ಸ್ವಲ್ಪ ಕೈ ಹಿಂಜರೀಬಹುದು. ಒಂದು ಮರ ಮಾತ್ರ ನನಗೆ ಗೊತ್ತಾಗ್ತಾ ಇಲ್ಲ. ಕಂಬದ ಹಾಗೆ ನೇರ, ಕೊಂಬೆಗಳು ಅಡ್ಡಕ್ಕೆ ಚಾಚಿವೆ, ಎಲೆ ಉದ್ದ, ಅಡಿಭಾಗ ಬೂದಿ ಬಣ್ಣ. ರಕ್ತಮರ ಇರ್ಬಹುದು ಅಂತ ಆಫೀಸಿನ ಒಬ್ರು ಹೇಳಿದ್ರು, ತೊಗಟೆ ಗೀರಿದ್ರೆ ಕೆಂಪು ರಸ ಬರ್ತದಂತೆ, ಗೀರಿ ನೋಡು ಅಂದ್ರು. ಬನದ ಮರ ಗೀರುದಾ? ಎಲೆ ಒಂದು ಹೆಕ್ಕಿ ತರುವ ಧೈರ್ಯ ಸಹ ನನಗಿಲ್ಲ. ಫೋಟೋ ಉಂಟು, ಮಳೆ ಹನಿ ಬಿದ್ದು ಮಸುಕಾಗಿದೆ, ಗೊತ್ತಿದ್ದವರು ನೋಡಿ ಹೇಳಿ.