ಕಾರಹುಣ್ಣಿಮೆಗೆ ಹುಡುಗ ಯಾವ ಊರಲ್ಲಿ?
ಇವತ್ತು ತಂಗಿಯೊಂದಿಗೆ ವಿಜಯಪುರದ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿದ್ದೆ. ಸಾಧ್ಯವಿದ್ದಲ್ಲಿ ಮೊದಲ ಹಂತದಲ್ಲೇ ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಹೇಳುವುದರಿಂದ, ಅವಳ ಮಗ ಯಾರ ಬಳಿ ಇರಬೇಕೆಂಬ ಸುಪರ್ದಿಯ ದಾವೆಯಲ್ಲಿ ನ್ಯಾಯಾಧೀಶರೇ ಅವಳನ್ನೂ ಹುಡುಗನ ಅಪ್ಪನನ್ನೂ ಅಲ್ಲಿಗೆ ಕಳುಹಿಸಿದ್ದರು. ಮಧ್ಯಸ್ಥಿಕೆಗಾರರು ತೀರ್ಪು ಕೊಡುವುದಿಲ್ಲ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ. ಆ ಭರವಸೆಯಿಂದಲೇ ಇರಬೇಕು, ಎರಡು ವರ್ಷ ಪರಸ್ಪರ ಮುಖ ನೋಡದಿದ್ದವರು ಹುಡುಗನ ಜ್ವರ, ಶಾಲೆ, ಕಾರಹುಣ್ಣಿಮೆಯ ಕರಿ (ಎತ್ತುಗಳ ಓಟ) ನೋಡಲು ಅವನು ಯಾವ ಊರಲ್ಲಿರಬೇಕು ಎಂಬುದನ್ನೆಲ್ಲ ಮಾತನಾಡಿದರು. ತಪ್ಪು ಯಾರದೆಂದು ಕೆದಕುತ್ತಿದ್ದ ನಾವು ಹಿರಿಯರು ಇದನ್ನು ಮನೆಯಲ್ಲೇ ಕೇಳಬೇಕಿತ್ತು ಎಂಬ ನೋವು ನನ್ನನ್ನು ಬಿಡುತ್ತಿಲ್ಲ. ರಾಜಿ ಇನ್ನೂ ಆಗಿಲ್ಲ. ಸೋಮವಾರ ಮತ್ತೆ ಕರೆದಿದ್ದಾರೆ. ಕಾರಹುಣ್ಣಿಮೆಗೆ ಮಾತ್ರ ಅವನು ಅಪ್ಪನ ಊರಿಗೆ ಹೋಗುತ್ತಾನೆ.