ಕಳ್ಳನಿಗೆ ಬಹುವಚನ

ಕಳೆದ ಬುಧವಾರ ಸಂಜೆ, ಮಂಗಳೂರಿನ ಬಿಜೈಯ ನಮ್ಮ ವಸತಿ ಸಮುಚ್ಚಯದ ಮೇಲ್ಮಹಡಿಯ ಸಭಾಂಗಣದಲ್ಲಿ, ನನಗಿಂತ ಮೂವತ್ತು ವರ್ಷವಾದರೂ ಚಿಕ್ಕವರಾದ ಆತ್ಮರಕ್ಷಣೆಯ ತರಬೇತುದಾರರೊಬ್ಬರು ನನ್ನ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಈಗ ಜೋರಾಗಿ ಹೇಳಿ ಮೇಡಂ, ಬಿಡು ಅಂತ" ಎಂದರು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಸುತ್ತ ನಿಂತ ಇಪ್ಪತ್ತು ಇಪ್ಪತ್ತೆರಡು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಾನು ಉಸಿರೆಳೆದುಕೊಂಡು ನನ್ನಿಂದಾದಷ್ಟು ಗಟ್ಟಿಯಾಗಿ "ಬಿಡಿ!" ಎಂದೆ.

ಅವರು ಬಿಡಲಿಲ್ಲ. ನಕ್ಕು ಕೇಳಿದರು: "ಕಳ್ಳನಿಗೆ ಬಹುವಚನ ಯಾಕೆ ಮೇಡಂ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಮ್ಮೆ ಹೇಳಿ ಎಂದರು. ಎರಡನೆಯ ಸಲ ನನ್ನ ಬಾಯಿಂದ ಬಂದದ್ದು "ಬಿಡಿ ಮಾರಾಯ್ರೆ". ಆಗಂತೂ ನನ್ನ ತಂಗಿಯ ಮಗಳು, ನನ್ನನ್ನು ಬಲವಂತವಾಗಿ ಅಲ್ಲಿಗೆ ಎಳೆದುಕೊಂಡು ಹೋದವಳು, ನಗು ತಡೆಯಲಾಗದೆ ನೆಲದ ಮೇಲೆ ಕುಳಿತೇಬಿಟ್ಟಳು.

ಈ ತರಬೇತಿಯನ್ನು ಏರ್ಪಡಿಸಿದ್ದ ನಮ್ಮ ಸಂಘದ ಅಧ್ಯಕ್ಷರು ಮೊದಲಿಗೆ ಇಪ್ಪತ್ತು ನಿಮಿಷ ಸ್ತ್ರೀಶಕ್ತಿಯ ಬಗ್ಗೆ ಮಾತಾಡಿ, ಹಾರ ಹಾಕಿಸಿಕೊಂಡು, ಮುಖ್ಯವಾದ ಕೆಲಸವಿದೆಯೆಂದು ಹೊರಟುಹೋಗಿದ್ದರು. ಮೆಟ್ಟಿಲಿನ ದೀಪ ಕೆಟ್ಟು ಎರಡು ತಿಂಗಳಾಗಿದೆ ಎಂದು ನಾವು ಮೂವರು ಲಿಖಿತವಾಗಿ ತಿಳಿಸಿದ್ದನ್ನು ಅವರು ಮರೆತಿದ್ದರು. ಆತ್ಮರಕ್ಷಣೆಯ ಮೊದಲ ಪಾಠ ಆ ದೀಪವಾಗಬಹುದಿತ್ತು ಎಂದು ನನಗೆ ಅನ್ನಿಸಿತು. ಆದರೆ ಅದನ್ನು ಹೇಳಲು ಅವರು ಅಲ್ಲಿರಲಿಲ್ಲ.

ತರಬೇತುದಾರರು ಮಾತ್ರ ಒಳ್ಳೆಯವರು. ಪ್ರಾರಂಭದಲ್ಲಿಯೇ, "ಇದು ಕರಾಟೆಯೂ ಅಲ್ಲ, ಜೂಡೊವೂ ಅಲ್ಲ, ಬಾಕ್ಸಿಂಗೂ ಅಲ್ಲ, ಎಲ್ಲದರಿಂದ ನಿಮಗೆ ಬೇಕಾದಷ್ಟನ್ನೇ ತೆಗೆದುಕೊಂಡದ್ದು. ಓಡಲು ಸಾಧ್ಯವಿದ್ದರೆ ಓಡಿ, ಅದೇ ಮೊದಲ ಹೊಡೆತ" ಎಂದಿದ್ದರು. ನಾಲ್ಕನೆಯ ಮಹಡಿಯ ನಿವೃತ್ತ ಅಧ್ಯಾಪಕಿಯೊಬ್ಬರಿಗೆ ಇದು ರುಚಿಸಲಿಲ್ಲ. "ಹಾಗಾದರೆ ಇದಕ್ಕೊಂದು ಗುರುಪರಂಪರೆ ಅಂತ ಇಲ್ಲವೇ? ಕಲಬೆರಕೆಯೇ?" ಎಂದು ಅವರು ಕೇಳಿದ ರೀತಿ, ತುಪ್ಪದ ಡಬ್ಬಿಯನ್ನು ಮೂಸಿ ನೋಡುವವರ ರೀತಿಯಾಗಿತ್ತು. ಯಾವುದಕ್ಕಾದರೂ ಶುದ್ಧತೆಯ ಪ್ರಮಾಣಪತ್ರ ಕೇಳುವುದು ಅವರ ಹಳೆಯ ಅಭ್ಯಾಸ.

ಆ ರಾತ್ರಿ ನಿದ್ದೆ ಬಾರದೆ ನಾನು ಈ ಕಲಬೆರಕೆಯ ವಂಶಾವಳಿಯನ್ನು ಹುಡುಕುತ್ತ ಕುಳಿತೆ. ಸಿಕ್ಕಿದ ಮೊದಲ ಹೆಸರೇ ನಮ್ಮ ರಾಜ್ಯದ್ದಾಗಿದ್ದರಿಂದ ಹುಡುಕಾಟ ಬೆಳಗಿನ ಎರಡು ಗಂಟೆಯವರೆಗೆ ಸಾಗಿತು. ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್ ಹುಟ್ಟಿದ್ದು 1860ರಲ್ಲಿ, ಬೆಂಗಳೂರಿನಲ್ಲಿ. ತಂದೆ ರೈಲ್ವೆ ಎಂಜಿನಿಯರ್. ಮಗನೂ ಎಂಜಿನಿಯರನೇ ಆಗಿ ಊರೂರು ಸುತ್ತಿ, ಜಪಾನಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಅಲ್ಲಿಯ ಕುಸ್ತಿಯಂಥ ವಿದ್ಯೆ ಜುಜುತ್ಸು ಕಲಿತು, 1898ರಲ್ಲಿ ಲಂಡನ್ನಿಗೆ ಮರಳಿದ. ಜುಜುತ್ಸು, ಇಂಗ್ಲಿಷರ ಮುಷ್ಟಿಯುದ್ಧ, ಫ್ರೆಂಚರ ಕಾಲ್ಹೊಡೆತದ ಸವಾಟ್, ಸ್ವಿಸ್ ಗುರು ಪಿಯರ್ ವಿನ್ಯಿಯ ಕೈಕೋಲಿನ ವರಸೆ, ಇವನ್ನೆಲ್ಲ ಕೂಡಿಸಿ, ತನ್ನ ಹೆಸರಿನ ತಲೆಯನ್ನೂ ಜುಜುತ್ಸುವಿನ ಬಾಲವನ್ನೂ ಜೋಡಿಸಿ 'ಬಾರ್ಟಿಟ್ಸು' ಎಂದು ಕರೆದ. 1899ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಅದನ್ನು ಚಿತ್ರಸಹಿತ ವಿವರಿಸಿದ. ಷರ್ಲಾಕ್ ಹೋಮ್ಸ್ 1903ರ ಕಥೆಯೊಂದರಲ್ಲಿ ಜಲಪಾತದ ಅಂಚಿನಲ್ಲಿ ತನ್ನನ್ನು ಉಳಿಸಿದ್ದು 'ಬರಿತ್ಸು' ಎಂದು ಹೇಳಿಕೊಳ್ಳುವುದು ಇದನ್ನೇ. ಇಂಗ್ಲಿಷಿನ ಒಂದು ಅಕ್ಷರ ಮಾತ್ರ ಕಳೆದುಹೋಗಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮೂರು ಸೂತ್ರಗಳು. ಮೊದಲು ಎದುರಾಳಿಯ ಸಮತೋಲವನ್ನು ಕೆಡಿಸಬೇಕು. ಅವನು ಸಾವರಿಸಿಕೊಳ್ಳುವ ಮೊದಲೇ ಅವನನ್ನು ಚಕಿತಗೊಳಿಸಿ, ಅವನ ಬಲವನ್ನು ಅವನ ಮೇಲೆಯೇ ತಿರುಗಿಸಬೇಕು. ಅಗತ್ಯ ಬಿದ್ದರೆ ಅವನ ದೇಹದ ಯಾವುದಾದರೂ ಕೀಲಿನ ಮೇಲೆ, ರಚನೆಯ ದೃಷ್ಟಿಯಿಂದ ಅದು ತಾಳಲಾರದಷ್ಟು ಒತ್ತಡ ಹಾಕಬೇಕು. ಗುರು, ಮಂತ್ರ, ಪ್ರಾಣಶಕ್ತಿ ಯಾವುದೂ ಇಲ್ಲದ, ಸೇತುವೆ ಕಟ್ಟುವವನ ಭಾಷೆ. ಅದೇ ಲೇಖನದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ್ದ: ಆಂಗ್ಲರು ಮುಷ್ಟಿಯಿಂದ ಹೋರಾಡುವುದೇ ಮರ್ಯಾದೆ, ಕೆಳಗೆ ಬಿದ್ದವನನ್ನು ಹೊಡೆಯುವುದು ಹೇಯ ಎಂದು ನಂಬಿ ಬೆಳೆದವರು, ಆದರೆ ಪರದೇಶದವನು ಕುರ್ಚಿಯನ್ನೋ ಸೀಸೆಯನ್ನೋ ಚೂರಿಯನ್ನೋ ಎತ್ತಲು ಹಿಂಜರಿಯುವುದಿಲ್ಲ. ದೋಷವನ್ನೆಲ್ಲ ಪರದೇಶದವರ ತಲೆಗೆ ಕಟ್ಟಿದ್ದು ಆ ಕಾಲದ ಆಂಗ್ಲರ ಚಾಳಿ. ಲಂಡನ್ನಿನ ಬೀದಿಯಲ್ಲಿ ಸ್ವದೇಶಿ ಪುಂಡರಿಗೇನೂ ಕೊರತೆಯಿರಲಿಲ್ಲ. ಆದರೂ ಅವನು ಮುಟ್ಟಿದ ಜಾಗ ಸರಿಯಾಗಿತ್ತು. ನಾವು ಕಲಿತ ಮರ್ಯಾದೆಯನ್ನು ಎದುರಿನವನೂ ಕಲಿತಿರುತ್ತಾನೆ ಎಂದು ನಂಬಿಕೊಂಡು ಬೀದಿಗಿಳಿಯುತ್ತೇವೆ.

ಕಳ್ಳನಿಗೆ ಬಹುವಚನ ಯಾಕೆ ಮೇಡಂ?

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳು ನಾನು. ನೋಟಿನ ಕಟ್ಟನ್ನು ಮುಖದೆದುರು ಎಸೆದವರಿಗೂ "ದಯವಿಟ್ಟು ಎಣಿಸಿಕೊಳ್ಳಿ" ಎಂದವಳು. ಅದಕ್ಕಿಂತ ಮೊದಲು, ನಮ್ಮ ಜಿಲ್ಲೆಯೇ ಹಾಗೆ. ಇಲ್ಲಿ ಬಸ್ಸಿನ ಕಂಡಕ್ಟರ್ ಜನರನ್ನು ಮೂಟೆಗಳಂತೆ ಒಳಕ್ಕೆ ತಳ್ಳುವಾಗಲೂ ತುಳುವಿನಲ್ಲಿ "ದುಂಬು ಪೋಲೆ", ಮುಂದೆ ಹೋಗಿ, ಎಂದೇ ಕೂಗುತ್ತಾರೆ. ಇಬ್ಬರು ರಸ್ತೆಯ ಮಧ್ಯೆ ಸ್ಕೂಟರ್ ನಿಲ್ಲಿಸಿ ಜಗಳವಾಡಿದರೆ "ನಿಮಗೆ ಮಂಡೆ ಸಮ ಉಂಟಾ?" ಎಂಬಲ್ಲಿಂದ ಅದು ಶುರುವಾಗುತ್ತದೆ. ಬುಧವಾರ ನಾನು ಕನ್ನಡ ಬಿಟ್ಟು ತುಳುವಿನಲ್ಲಿ ಕೂಗಿದ್ದರೂ ಬರುತ್ತಿದ್ದದ್ದು "ಬುಡ್ಲೆ" ಎಂಬ ಬಹುವಚನವೇ. ಘಟ್ಟದ ಮೇಲಿನ ಸ್ನೇಹಿತರು ನಮ್ಮ ಈ ಪುಸ್ತಕದಂಥ ಮಾತನ್ನು ನಕಲು ಮಾಡಿ ನಗುವಾಗ ನನಗೆ ಒಳಗೊಳಗೆ ಹೆಮ್ಮೆಯೇ ಆಗುತ್ತಿತ್ತು. ಇವತ್ತಿಗೂ ಅದನ್ನು ದೌರ್ಬಲ್ಯವೆಂದು ಒಪ್ಪಲು ನನಗೆ ಮನಸ್ಸಿಲ್ಲ. ಬಹುವಚನದಲ್ಲಿಯೇ ಎದುರಿನವರ ಬೆವರಿಳಿಸಬಲ್ಲ ಅತ್ತೆಯಂದಿರನ್ನು ನೋಡಿ ಬೆಳೆದಿದ್ದೇನೆ.

ಆದರೆ ಆ ರಾತ್ರಿ ನೆನಪಾದದ್ದು 1989ರ ಜುಲೈ ತಿಂಗಳ ಒಂದು ಸಂಜೆ. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್ ಕಡೆಗೆ ಹೋಗುವ ಬಸ್ಸು, ಒದ್ದೆ ಬಟ್ಟೆಗಳ ವಾಸನೆ, ಕಾಲಿಡಲು ಜಾಗವಿಲ್ಲ. ಹಿಂದೆ ನಿಂತ ಮನುಷ್ಯ ಬಸ್ಸು ತಿರುಗದಿದ್ದಾಗಲೂ ನನ್ನ ಮೇಲೆ ವಾಲುತ್ತಿದ್ದ. ಲಾಲ್‌ಬಾಗ್ ದಾಟುವವರೆಗೆ ಸಹಿಸಿ, ಕೊನೆಗೆ ತಿರುಗಿ, "ಸ್ವಲ್ಪ ಹಿಂದೆ ನಿಲ್ಲಿ" ಎಂದೆ. "ಎಲ್ಲಿ ನಿಲ್ಲುವುದು ಅಕ್ಕ, ಜಾಗ ನೀವೇ ತೋರಿಸಿ" ಎಂದ. ಹತ್ತಿರದ ನಾಲ್ಕು ಜನ ನಕ್ಕರು. ನಾನು ಕೊಟ್ಟಾರದಲ್ಲಿಯೇ ಇಳಿದು ಉಳಿದ ದಾರಿಯನ್ನು ಮಳೆಯಲ್ಲಿ ನಡೆದೆ. ಕೈಯಲ್ಲಿ ಮರದ ಹಿಡಿಕೆಯ, ಉದ್ದನೆಯ ಕಪ್ಪು ಕೊಡೆಯಿತ್ತು. ಬಾರ್ಟನ್-ರೈಟ್ ಕೈಕೋಲಿನ ವರಸೆಯ ಬಗ್ಗೆಯೇ 1901ರಲ್ಲಿ ಪ್ರತ್ಯೇಕವಾಗಿ ಬರೆದಿದ್ದ, ಅಂಥ ಕೋಲಿನ ಸೋದರಸಂಬಂಧಿ ಅದು. ನನ್ನ ಕೈಯಲ್ಲಿ ಅದು ಮಳೆಗೆ ಮಾತ್ರ ಬಿಚ್ಚಿಕೊಂಡಿತು.

ಗುರುವಾರ, ಶುಕ್ರವಾರ ಇದೇ ಗುಂಗು. ಕ್ರಾವ್ ಮಗಾ ಎಂಬ ಆತ್ಮರಕ್ಷಣೆಯ ವಿದ್ಯೆಯ ಹೆಸರನ್ನು ತರಬೇತುದಾರರು ಎರಡು ಸಲ ಹೇಳಿದ್ದರಿಂದ ಅದರ ಮೂಲವನ್ನೂ ಓದಿದೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ಮೈಸೋಂಕಿನ ಹೋರಾಟ' ಎಂದರ್ಥ ಬರುತ್ತದೆ. ಅದನ್ನು ರೂಪಿಸಿದ ಇಮಿ ಲಿಖ್ಟೆನ್‌ಫೆಲ್ಡ್ 1910ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಬ್ರಾಟಿಸ್ಲಾವಾದಲ್ಲಿ ಬೆಳೆದವನು; ತಂದೆ ಒಂದು ಕಾಲಕ್ಕೆ ಸರ್ಕಸ್ಸಿನಲ್ಲಿದ್ದು ಆಮೇಲೆ ಪೊಲೀಸ್ ಪತ್ತೇದಾರನಾದವನು. ಮಗ ಕುಸ್ತಿಯಲ್ಲಿಯೂ ಮುಷ್ಟಿಯುದ್ಧದಲ್ಲಿಯೂ ಪದಕ ಗೆದ್ದವನು. 1930ರ ದಶಕದಲ್ಲಿ ಯೆಹೂದಿಗಳ ಕೇರಿಗೆ ನುಗ್ಗುತ್ತಿದ್ದ ಗುಂಪುಗಳನ್ನು ಗೆಳೆಯರೊಡನೆ ಎದುರಿಸಲು ಹೋದಾಗ ಅವನಿಗೆ ತಿಳಿದದ್ದೇನೆಂದರೆ, ಅಖಾಡದಲ್ಲಿ ಗೆಲ್ಲಿಸಿದ ಅಭ್ಯಾಸಗಳೇ ಬೀದಿಯಲ್ಲಿ ಅಪಾಯ ತರುತ್ತವೆ. ಅಲ್ಲಿ ತೂಕದ ವಿಭಾಗಗಳಿಲ್ಲ, ಗಂಟೆ ಹೊಡೆಯುವುದಿಲ್ಲ, ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯುವುದಿಲ್ಲ. ಮುಂದೆ 1948ರಲ್ಲಿ ಸ್ಥಾಪನೆಯಾದ ಇಸ್ರೇಲಿನ ಸೇನೆಗೆ ಅವನು ಅದನ್ನು ಕಲಿಸಿದ. ಆ ಸೇನೆಯ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯಗಳಿವೆ. ಆದರೆ ಬ್ರಾಟಿಸ್ಲಾವಾದ ಬೀದಿಯ ಆ ಹುಡುಗ ಕಂಡುಕೊಂಡದ್ದನ್ನು ನಾನು ತಳ್ಳಿಹಾಕಲಾರೆ.

ಹವಾಯಿಯ ಹೊನೊಲುಲುವಿನ ಪಲಾಮಾ ಎಂಬಲ್ಲಿ 1947ರ ಸುಮಾರಿಗೆ ಐದು ಜನ ಸೇರಿ ಕರಾಟೆ, ಜೂಡೊ, ಜುಜುತ್ಸು, ಕೆಂಪೊ, ಚೀನೀ ಬಾಕ್ಸಿಂಗ್‌ಗಳ ಮೊದಲಕ್ಷರಗಳನ್ನು ಪೋಣಿಸಿ ಕಾಜುಕೆನ್ಬೊ ಎಂದು ಹೆಸರಿಟ್ಟದ್ದೂ ಇಂಥದೇ ಕಥೆ. ಒಬ್ಬೊಬ್ಬರೂ ಒಂದೊಂದು ವಿದ್ಯೆಯಲ್ಲಿ ಪಳಗಿದವರು. ತಮ್ಮ ತಮ್ಮ ವಿದ್ಯೆಯ ತೂತುಗಳನ್ನು ಇನ್ನೊಬ್ಬರ ಹೊಡೆತದಿಂದ ಕಂಡುಕೊಂಡವರು. ನಾಲ್ಕನೆಯ ಮಹಡಿಯವರಿಗೆ ಇದನ್ನೆಲ್ಲ ಲಿಫ್ಟಿನಲ್ಲಿ ಹೇಳಿದೆ. "ಅಂದರೆ ಕಲಬೆರಕೆಯೇ" ಎಂದರು.

ಎಲ್ಲರಿಗಿಂತ ನನಗೆ ಹತ್ತಿರವಾದವಳು ಎಡಿತ್ ಗ್ಯಾರಡ್ ಎಂಬ ಇಂಗ್ಲಿಷ್ ಹೆಂಗಸು. ಹೆಸರಿನಲ್ಲಿಯೇ ನಮ್ಮ ಗರಡಿ ಇದೆ ಎಂದು ತಂಗಿಯ ಮಗಳು ತಮಾಷೆ ಮಾಡಿದಳು. ಎತ್ತರ ಐದು ಅಡಿಗೂ ಒಂದಿಂಚು ಕಡಿಮೆ, ಅಂದರೆ ನನ್ನಷ್ಟೇ. ಬಾರ್ಟನ್-ರೈಟ್ ತನ್ನ ಕ್ಲಬ್ಬಿಗೆಂದು ಜಪಾನಿನಿಂದ ಕರೆಸಿದ್ದ ಜುಜುತ್ಸು ಗುರು ಉಯೆನಿಶಿಯ ಬಳಿ ಕಲಿತವಳು. ಆ ಕ್ಲಬ್ಬು 1902ರಲ್ಲಿ ಮುಚ್ಚಿಹೋಯಿತು, ಬಾರ್ಟನ್-ರೈಟ್ 1951ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಆದರೆ ಅವನು ಕರೆತಂದ ವಿದ್ಯೆ, ಮಹನೀಯರ ಕೈಕೋಲುಗಳನ್ನು ಬಿಟ್ಟು, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರ ಕೈಸೇರಿತು. 1913ರ ಹೊತ್ತಿಗೆ, ಜೈಲಿನಲ್ಲಿ ಉಪವಾಸ ಕುಳಿತವರನ್ನು ಬಿಟ್ಟು ಮತ್ತೆ ಹಿಡಿಯುವ ಕಾನೂನು ಬಂದಾಗ, ನಾಯಕಿಯರನ್ನು ಪೊಲೀಸರಿಂದ ಕಾಯಲು ಸುಮಾರು ಮೂವತ್ತು ಹೆಂಗಸರ ಪಡೆಯೊಂದು ಸಿದ್ಧವಾಯಿತು. ಅವರಿಗೆ ಕಲಿಸಿದವಳು ಎಡಿತ್. ಉಡುಪಿನೊಳಗೆ ದೊಣ್ಣೆ ಅಡಗಿಸಿಟ್ಟುಕೊಂಡು, ತಲೆಗೆ ಹ್ಯಾಟು ಧರಿಸಿ ಬರುತ್ತಿದ್ದ ಆ ಹೆಂಗಸರೂ ಚಿಕ್ಕಂದಿನಿಂದ "ದಯವಿಟ್ಟು", "ಕ್ಷಮಿಸಿ" ಎಂದು ಹೇಳಿಸಿಕೊಂಡೇ ಬೆಳೆದವರಿರಬೇಕು. ಪೊಲೀಸನ ಕೈ ಮೊದಲ ಸಲ ತೋಳಿನ ಮೇಲೆ ಬಿದ್ದಾಗ ಅವರ ಬಾಯಿಂದ ಬಂದದ್ದು ಏನೆಂಬ ಕುತೂಹಲ ನನ್ನನ್ನು ಬಿಡಲಿಲ್ಲ.

ಶುಕ್ರವಾರ ರಾತ್ರಿ ದೋಸೆಗೆ ರುಬ್ಬುವಾಗ ಒಂದು ವಿಷಯ ಹೊಳೆಯಿತು. ಬಾರ್ಟಿಟ್ಸುವಿನಲ್ಲಿ ದೂರಕ್ಕೆ ತಕ್ಕಂತೆ ಆಯುಧ ಬದಲಾಗುತ್ತದೆ: ದೂರವಿದ್ದರೆ ಕೋಲು, ಹತ್ತಿರ ಬಂದರೆ ಕಾಲು ಮತ್ತು ಮುಷ್ಟಿ, ಮೈಗೆ ಮೈ ತಾಗಿದರೆ ಜುಜುತ್ಸು. ಬಹುವಚನವೂ ದೂರವನ್ನು ಕಾಯುವ ಕೋಲೇ. ಕೌಂಟರಿನ ಗಾಜಿನ ಈಚೆ ಕುಳಿತು "ದಯವಿಟ್ಟು ಸಾಲಿನಲ್ಲಿ ಬನ್ನಿ" ಎಂದಾಗ ಆ 'ಬನ್ನಿ' ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಆದರೆ ಮಣಿಕಟ್ಟು ಒಬ್ಬನ ಮುಷ್ಟಿಯೊಳಗಿರುವಾಗ ಕಾಯಲು ದೂರವೇ ಉಳಿದಿರುವುದಿಲ್ಲ. 1989ರ ಬಸ್ಸಿನಲ್ಲಿಯೂ ಉಳಿದಿರಲಿಲ್ಲ. ಕೈಗೆಟುಕದಷ್ಟು ಉದ್ದದ ಕೋಲನ್ನು ಇಕ್ಕಟ್ಟಿನಲ್ಲಿ ಬೀಸಲು ಹೋಗಿದ್ದೆ.

ನಿನ್ನೆ, ಶನಿವಾರ, ಎರಡನೆಯ ತರಗತಿ. ಮಣಿಕಟ್ಟು ಬಿಡಿಸಿಕೊಳ್ಳುವುದನ್ನು ತರಬೇತುದಾರರು ಮತ್ತೆ ನಿಧಾನವಾಗಿ ತೋರಿಸಿದರು. ಹಿಡಿದವನ ಮುಷ್ಟಿಯಲ್ಲಿ ನಾಲ್ಕು ಬೆರಳುಗಳು ಒಂದು ಕಡೆ, ಹೆಬ್ಬೆರಳು ಒಂಟಿಯಾಗಿ ಇನ್ನೊಂದು ಕಡೆ. ಅವೆರಡೂ ಕೂಡುವ ಜಾಗದಲ್ಲಿಯೇ ಬಾಗಿಲು. ಹಿಂದಕ್ಕೆ ಜಗ್ಗಿದರೆ ನಾಲ್ಕು ಬೆರಳುಗಳ ಜೊತೆ ಜಗಳ. ಬದಲಾಗಿ ಒಂದು ಹೆಜ್ಜೆ ಮುಂದಿಟ್ಟು, ಮೊಣಕೈಯನ್ನು ಅವನ ಕಡೆಗೇ ತಂದು, ಕೈಯ ತೆಳುವಾದ ಅಂಚನ್ನು ಹೆಬ್ಬೆರಳಿನ ಸಂದಿಗೆ ತಿರುಗಿಸಿ ಮೇಲಕ್ಕೆ ಎಳೆಯಬೇಕು. ತಪ್ಪಿಸಿಕೊಳ್ಳಲು ಹತ್ತಿರ ಹೋಗಬೇಕೆಂಬುದನ್ನು ಮೈ ಒಪ್ಪುವುದಿಲ್ಲ. ನಾನು ಆರು ಸಲ ಹಿಂದಕ್ಕೇ ಜಗ್ಗಿದೆ. ಮಣಿಕಟ್ಟಿನ ಮೇಲೆ ನನ್ನ ಬಳೆಯ ಅಚ್ಚು ಕೆಂಪಗೆ ಮೂಡಿತು. ಬಳೆ ತೆಗೆಯಲು ಸೋಪು ಹಚ್ಚಬೇಕಾಯಿತು. ಪಕ್ಕದವರೊಬ್ಬರು ತಮ್ಮ ಬಳೆಯನ್ನು ಮದುವೆಯಾದಂದಿನಿಂದ ತೆಗೆದಿಲ್ಲ ಎಂದು ಹೇಳಿ ಗೋಡೆಗೆ ಒರಗಿ ನಿಂತರು. ಅವರಿಗೆ ಯಾರೂ ಒತ್ತಾಯ ಮಾಡಲಿಲ್ಲ, ಅದು ಸರಿಯಾಗಿಯೇ ಇತ್ತು.

ಏಳನೆಯ ಸಲ ತರಬೇತುದಾರರು ಏನೂ ಹೇಳದೆ, ನಾನು ನೀರು ಕುಡಿದು ಲೋಟ ಇಡುತ್ತಿರುವಾಗಲೇ, ಬಂದು ಹಿಡಿದರು. ಹಿಡಿತ ಬುಧವಾರದ್ದಕ್ಕಿಂತ ಗಟ್ಟಿಯಾಗಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆನಂತೆ. ಅದು ನನಗೆ ನೆನಪಿಲ್ಲ. ಕೈ ತಿರುಗಿದ್ದು ಮತ್ತು "ಬಿಡೋ!" ಎಂದು ಯಾರೋ ಕೂಗಿದ್ದು ಮಾತ್ರ ಕೇಳಿಸಿತು. ಒಡೆದ, ಒರಟಾದ, ನನ್ನದೆಂದು ನಾನು ಗುರುತಿಸದ ಧ್ವನಿ. ಮುಷ್ಟಿ ಬಿಚ್ಚಿಕೊಂಡಿತು. ಯಾರೂ ನಗಲಿಲ್ಲ. ಮಾಡಿನ ಮೇಲಿನ ಮಳೆ ಒಮ್ಮೆಲೇ ಜೋರಾಗಿ ಕೇಳಿಸತೊಡಗಿತು.

ತರಬೇತುದಾರರು ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ನೋವಾಯಿತಾ ನಿಮಗೆ?" ಎಂದು ಕೇಳಿದೆ.

ಅಷ್ಟರಲ್ಲಿ ಕೆಳಗಿನಿಂದ ಓಡಿ ಬಂದಿದ್ದ ಕಾವಲುಗಾರರು, ಕತ್ತಲ ಮೆಟ್ಟಿಲಿನಲ್ಲಿ ಮೊಬೈಲಿನ ಬೆಳಕು ಹಿಡಿದುಕೊಂಡು, ಒದ್ದೆ ಟೊಪ್ಪಿಯೊಡನೆ ಬಾಗಿಲಲ್ಲಿ ನಿಂತು, ಯಾರು ಯಾರಿಗೆ ಏನು ಮಾಡಿದ್ದು ಎಂದು ವಿಚಾರಿಸುತ್ತಿದ್ದರು.